ಹೊಲದವರು ಕೊಟ್ಟಿದ್ದು

ಹೈದರಾಬಾದ್
12 ಜನವರಿ 2024

ವನಜಮ್ಮನವರಿಗೆ,

ಕುರಿ ಲೋಕಪ್ಪನ ಕಿರಿಮಗ ಮಹಾಂತೇಶನ ನಮಸ್ಕಾರ. ನೆನಪಾಯಿತೇ? ಪ್ರತಿ ಬೇಸಿಗೆಯಲ್ಲಿ ಈಸೂರಿನ ಕಡೆಯಿಂದ ಆನವಟ್ಟಿಗೆ ಬಂದು ನಿಮ್ಮ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದೆವಲ್ಲ, ಅವರೇ ನಾವು. ಹಗಲೆಲ್ಲ ಕುರಿ ಮೇಯಿಸಿ, ಕತ್ತಲಾದ ಮೇಲೆ ನಿಮ್ಮ ಹೊಲದಲ್ಲಿ ಬಲೆ ಕಟ್ಟಿ ಅವನ್ನು ಕೂಡಿಹಾಕುತ್ತಿದ್ದೆವು. ನಿಮಗೆ ಗೊಬ್ಬರ, ನಮಗೆ ಭತ್ತ. ಆ ಮಂದೆಯ ಹಿಂದೆ ಮೂಗು ಸುರಿಸುತ್ತ, ಕಂಡ ಕಂಡಲ್ಲಿ ಚಿತ್ರ ಗೀಚುತ್ತ ತಿರುಗುತ್ತಿದ್ದ ಹುಡುಗ ನಾನು.

ಫೋನ್ ಮಾಡಿದರೆ ನಿಮ್ಮ ಮೊಮ್ಮಗಳು ದಿವ್ಯ ಸಿಕ್ಕಳು. ಅಜ್ಜಿಗೆ ಈಗ ಕಿವಿ ಕೇಳುವುದಿಲ್ಲ, ಕೂಗಿದರೆ ಬೈಯುತ್ತಾರೆ, ಕಾಗದ ಬರೆದರೆ ಮಾತ್ರ ಮೂರು ಸಲ ಓದುತ್ತಾರೆ ಎಂದಳು. ಅದಕ್ಕೇ ಈ ಕಾಗದ.

ನನ್ನ ಕಥೆ ಸ್ವಲ್ಪದರಲ್ಲಿ ಹೇಳುತ್ತೇನೆ. ಹದಿನಾರು ವರ್ಷದ ಹಿಂದೆ ಇಲ್ಲಿಗೆ ಬಂದು ಅನಿಮೇಶನ್ ಕಲಿತೆ. ಮಕ್ಕಳು ಟಿವಿಯಲ್ಲಿ ನೋಡುವ ಕಾರ್ಟೂನಿನ ಕೆಲಸ. ಒಂದು ಆನೆ ನಾಲ್ಕು ಹೆಜ್ಜೆ ಇಡಬೇಕಾದರೆ ಹತ್ತಾರು ಚಿತ್ರ ಬರೆಯಬೇಕು. ಕುರಿಯ ಹಿಂದೆ ನಡೆದು ಬೆಳೆದವನಲ್ಲವೇ, ಪ್ರಾಣಿಯ ಕಾಲು ನನಗೆ ಸಲೀಸು. ಸ್ಟುಡಿಯೋದಲ್ಲಿ ನಾಲ್ಕು ಕಾಲಿನದು ಏನು ಬಂದರೂ ನನ್ನ ಮೇಜಿಗೇ ಬರುತ್ತಿತ್ತು. ಕಂಡವರ ಕಥೆಗೆ ಕಾಲು ಕೊಟ್ಟದ್ದು ಸಾಕೆನಿಸಿ, ನಾಲ್ಕು ವರ್ಷದ ಹಿಂದೆ ಬ್ರಶ್ ಬದಿಗಿಟ್ಟು ಸ್ವಂತ ಚಿತ್ರಕಥೆ ಬರೆಯಲು ಕುಳಿತೆ. ಹದಿಮೂರು ಸಲ ತಿದ್ದಿ ಬರೆದ ಮೇಲೆ ಮೀನಾ ಎನ್ನುವ ನಿರ್ಮಾಪಕಿ ಒಪ್ಪಿದ್ದಾರೆ. ನಿರ್ದೇಶನವೂ ನನ್ನದೇ. ಕಾರ್ಟೂನಲ್ಲ, ಮನುಷ್ಯರು ನಟಿಸುವ ಸಿನಿಮಾ.

ಅದರ ಕಥೆ ನಿಮಗೆ ಗೊತ್ತಿರುವುದೇ. ನನಗೆ ಒಂಬತ್ತು ವರ್ಷ. ಚಿತ್ರ ಬರೆಯುತ್ತ ಮೈಮರೆತಾಗ ಕುರಿಗಳು ಪಕ್ಕದವರ ಕಬ್ಬಿಗೆ ನುಗ್ಗಿದವು. ದೊಡ್ಡಪ್ಪ ಜಟ್ಟಪ್ಪ ಮಂದೆಯ ಯಜಮಾನ. ಅವನೆದುರಿಗೆ, ಎಲ್ಲರೆದುರಿಗೆ, ಅಪ್ಪ ನನ್ನ ಪುಸ್ತಕ ಕಿತ್ತುಕೊಂಡು ಹರಿದು ಒಲೆಗೆ ಹಾಕಿದ. ಒಂಬತ್ತು ದಿನ ಬಿಟ್ಟು ಮಂದೆ ಎಬ್ಬಿಸುವ ಬೆಳಿಗ್ಗೆ, ಭತ್ತ ಅಳೆದು ಕೊಟ್ಟ ಮೇಲೆ, ನೀವು ನನ್ನನ್ನು ಕರೆದು ಹೊಸ ರೆಕಾರ್ಡ್ ಪುಸ್ತಕ ಮತ್ತು ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟಿರಿ. ಒಂದು ಪುಟಕ್ಕೆ ಗೆರೆ, ಎದುರು ಪುಟ ಖಾಲಿ. ಮುಂದೆ ಆರು ವರ್ಷ ಹಾಗೇ ಕೊಟ್ಟಿರಿ. ನಮ್ಮ ಮಂದೆಯಲ್ಲಿ ಒಂದು ಪದ್ಧತಿ ಇತ್ತು: ಏಳುವ ದಿನ ಹೊಲದವರು ಕೊಟ್ಟಿದ್ದನ್ನು ಯಾರೂ ಬೇಡವೆನ್ನುವಂತಿಲ್ಲ, ಎಸೆಯುವಂತಿಲ್ಲ. ಹಾಗಾಗಿ ಆ ಪುಸ್ತಕಗಳನ್ನು ಯಾರೂ ಮುಟ್ಟಲಿಲ್ಲ.

ನಾನು ಇವತ್ತು ಏನಾಗಿದ್ದರೂ ಅದು ನಿಮ್ಮಿಂದ. ಸಿನಿಮಾಕ್ಕೆ ‘ವನಜಮ್ಮನ ಹೊಲ’ ಎಂದು ಹೆಸರಿಡಲೇ? ಒಪ್ಪಿಗೆ ಕೊಡಿ.

ನಿಮ್ಮ
ಮಹಾಂತೇಶ


ಆನವಟ್ಟಿ
2 ಫೆಬ್ರುವರಿ 2024

ಮಹಾಂತೇಶನಿಗೆ, ವನಜಮ್ಮ ಮನಸಾರೆ ಹರಸಿ ಬರೆಯುವುದು.

ನಿನ್ನ ಕಾಗದ ಮೂರಲ್ಲ, ಐದು ಸಲ ಓದಿದೆ. ಆಮೇಲೆ ದಿವ್ಯಳ ಕೈಯಲ್ಲಿ ಗಟ್ಟಿಯಾಗಿ ಓದಿಸಿದೆ. ನನಗೆ ಕೇಳುವುದಿಲ್ಲ, ನಿಜ. ಆದರೆ ಜಗಲಿಯ ಮೇಲೆ ಕುಳಿತವರಿಗೆ ಕೇಳಬೇಕಲ್ಲ. ನನ್ನ ಮಗ ತೀರ್ಥೇಶ್ ನಲವತ್ತೈದು ವರ್ಷದಿಂದ ನನ್ನ ಕೈಯಡುಗೆ ಉಣ್ಣುತ್ತಿದ್ದಾನೆ. ಒಂದು ದಿನ ಸಾರು ಚೆನ್ನಾಗಿದೆ ಎಂದವನಲ್ಲ. ನೀನು ಎಲ್ಲಿಯೋ ಕುಳಿತು ಇಷ್ಟು ಬರೆದಿದ್ದೀಯ.

ಊರಲ್ಲಿ ಸುದ್ದಿ ಆಗಲೇ ಹಬ್ಬಿದೆ. ಸ್ತ್ರೀಶಕ್ತಿ ಸಂಘದಲ್ಲಿ ನನ್ನನ್ನು ಮುಂದಿನ ಸಾಲಿಗೆ ಕೂರಿಸಿದರು. ಆ ಹೊಲದಲ್ಲಿ ಈಗ ಮೆಕ್ಕೆಜೋಳ, ಮಂದೆ ನಿಲ್ಲಿಸಿ ವರ್ಷಗಳಾದವು. ಗೊಬ್ಬರ ಚೀಲದಲ್ಲಿ ಬರುತ್ತದೆ. ಹೊಲ ಇದ್ದಲ್ಲೇ ಇದೆ, ಬೇಕಾದರೆ ಬಂದು ನೋಡು.

ನಿಜ ಹೇಳಬೇಕೆಂದರೆ ನಾನೇನೂ ಕೊಟ್ಟವಳಲ್ಲಪ್ಪ. ಕೈ ನನ್ನದು, ಅಷ್ಟೆ.

ಹೆಸರು ಇಡು. ದೊಡ್ಡ ಅಕ್ಷರದಲ್ಲೇ ಇಡು. ನಿಮ್ಮಪ್ಪ ಲೋಕಪ್ಪ ಹೇಗಿದ್ದಾನೆ? ಅವನಿಗೆ ಈ ಕಥೆ ಹೇಳಿದ್ದೀಯಾ?

ವನಜಮ್ಮ


ಶಿರಾಳಕೊಪ್ಪ
20 ಮೇ 2024

ವನಜಮ್ಮನವರಿಗೆ,

ಶೂಟಿಂಗ್ ಇವತ್ತಿಗೆ ಮುಗಿಯಿತು. ಇಲ್ಲಿನ ಲಾಡ್ಜಿನ ಮಂಚದ ಮೇಲೆ ಕುಳಿತು ಬರೆಯುತ್ತಿದ್ದೇನೆ. ನೀವು ಮಂಡಿನೋವಿನಿಂದ ಬರಲಾಗಲಿಲ್ಲ ಎಂದು ದಿವ್ಯ ಹೇಳಿದಳು. ಬಂದಿದ್ದರೆ ನಗುತ್ತಿದ್ದಿರಿ. ಹನ್ನೆರಡು ವರ್ಷ ನಾನು ಬರೆದ ಪ್ರಾಣಿಗಳು ಹೇಳಿದಂತೆ ನಡೆದವು. ನಿಜವಾದ ಇನ್ನೂರು ಕುರಿಗಳಿಗೆ ಮೂರು ದಿನ ಕೈಮುಗಿದರೂ ಕ್ಯಾಮೆರಾ ಕಡೆ ಒಂದೂ ತಿರುಗಲಿಲ್ಲ.

ಪುಸ್ತಕ ಹರಿಯುವ ದೃಶ್ಯ ಒಂದೇ ಟೇಕಿನಲ್ಲಿ ಆಯಿತು. ಅಪ್ಪನ ಪಾತ್ರಕ್ಕೆ ದಾವಣಗೆರೆಯ ನಾಟಕದ ನಟರೊಬ್ಬರು. ಹಾಳೆ ಹರಿದ ಸದ್ದಿಗೆ ಊಟ ಬಡಿಸುವವರೂ ಕಣ್ಣೊರೆಸಿಕೊಂಡರು. ನಾನು ‘ಕಟ್’ ಹೇಳುವುದನ್ನೇ ಮರೆತೆ.

ನಿಮ್ಮ ಕಾಗದದ ಒಂದು ಸಾಲು ಕದ್ದಿದ್ದೇನೆ, ಕ್ಷಮಿಸಿ. ಕೊನೆಯಲ್ಲಿ ದೊಡ್ಡವನಾದ ಹುಡುಗ ಬಂದು ಕಾಲಿಗೆ ಬಿದ್ದಾಗ ಸಿನಿಮಾದ ವನಜಮ್ಮ ಹೇಳುತ್ತಾಳೆ: “ನಾನೇನೂ ಕೊಟ್ಟವಳಲ್ಲಪ್ಪ. ಕೈ ನನ್ನದು, ಅಷ್ಟೆ.” ಕೊಟ್ಟವರ ಬಾಯಿಂದ ಮಾತ್ರ ಬರುವ ಮಾತು ಅದು. ಹದಿಮೂರು ಸಲ ಬರೆದರೂ ನನಗೆ ಹೊಳೆದಿರಲಿಲ್ಲ.

ಅಪ್ಪನಿಗೆ ಕುರಿಯ ಮೇಲೆ ಒಂದು ಸಿನಿಮಾ ಎಂದಷ್ಟೇ ಹೇಳಿದ್ದೇನೆ. ಅವರೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಅವರು ಕೇಳುವವರಲ್ಲ.

ಮಹಾಂತೇಶ


ಆನವಟ್ಟಿ
11 ಜೂನ್ 2024

ಪ್ರೀತಿಯ ಮಹಾಂತೇಶ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲು ಕುಳಿತಾಗಲೆಲ್ಲ ಏನಾದರೊಂದು ಕೆಲಸ. ಕೆಲಸ ಇರಲಿಲ್ಲ, ನಾನೇ ಹುಡುಕಿಕೊಂಡೆ.

ಆ ಹರಿಯುವ ದೃಶ್ಯ ಇರಲೇಬೇಕೇ? ಮನುಷ್ಯ ಒಂದು ಗಳಿಗೆಯ ಸಿಟ್ಟಿನಲ್ಲಿ ಮಾಡಿದ್ದನ್ನು ಊರಿಗೆಲ್ಲ ತೋರಿಸುವುದು ಏನು ಚೆಂದ? ಜಟ್ಟಪ್ಪನ ಸ್ವಭಾವ ನಿನಗೆ ಗೊತ್ತಿಲ್ಲ, ನೀನು ಚಿಕ್ಕವನು. ಅವನೆದುರು ನಿಮ್ಮಪ್ಪ ತಲೆಯೆತ್ತಿ ನಿಂತದ್ದನ್ನು ನಾನು ಕಂಡಿಲ್ಲ. ಕಬ್ಬಿನವರು ಬೇರೆ ಬೈಯುತ್ತ ಬಂದು ನಿಂತಿದ್ದರು. ಅವತ್ತು ಪುಸ್ತಕ ಹರಿಯದಿದ್ದರೆ ಜಟ್ಟಪ್ಪ ನಿನ್ನ ಬೆನ್ನು ಹರಿಯುತ್ತಿದ್ದ.

ಆ ನನ್ನ ಮಾತನ್ನೂ ತೆಗೆದುಬಿಡು. ಅದು ಸಿನಿಮಾಕ್ಕೆಂದು ಬರೆದದ್ದಲ್ಲ.

ನನ್ನ ಪಾತ್ರ ಮಾಡಿದವಳು ಸೀರೆಯನ್ನು ಹೇಗೆ ಉಟ್ಟಿದ್ದಾಳೆ? ಹೊಲದ ಕೆಲಸಕ್ಕೆ ನಾವು ನೆರಿಗೆ ಎತ್ತಿ ಸಿಕ್ಕಿಸುತ್ತೇವೆ, ನೆನಪಿರಲಿ.

ವನಜಮ್ಮ


ಹೈದರಾಬಾದ್
14 ಅಕ್ಟೋಬರ್ 2024

ವನಜಮ್ಮನವರಿಗೆ,

ಎಡಿಟಿಂಗ್‌ನಲ್ಲಿ ಮುಳುಗಿ ನಾಲ್ಕು ತಿಂಗಳು ಬರೆಯಲಾಗಲಿಲ್ಲ. ನಿಮ್ಮ ಕಾಗದ ಮೇಜಿನ ಮೇಲೇ ಇದೆ. ಪುಸ್ತಕ ಕೊಟ್ಟು ನನ್ನನ್ನು ಉಳಿಸಿದವರು ನೀವು, ಈಗ ಹರಿದವರ ಪರವಾಗಿಯೂ ವಾದಿಸುತ್ತಿದ್ದೀರಿ. ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ. ದೃಶ್ಯ ಇರುತ್ತದೆ. ಅದು ನಡೆದದ್ದು.

ಅಪ್ಪನ ಮೇಲೆ ದ್ವೇಷವಿಲ್ಲ. ಒಂದು ನೋವಿದೆ, ಹೇಳಿಬಿಡುತ್ತೇನೆ. ಮೊದಲ ಸಲ ಟಿವಿಯಲ್ಲಿ ನನ್ನ ಹೆಸರು ಬಂದಾಗ ಊರಿಗೆ ಓಡಿಹೋಗಿ ಅಪ್ಪನನ್ನು ಕೂರಿಸಿ ತೋರಿಸಿದೆ. ಎರಡು ನಿಮಿಷ ನೋಡಿ, “ಕುರಿ ಹಿಂಗ ಕಾಲು ಎತ್ತಂಗಿಲ್ಲ” ಎಂದು ಎದ್ದು ಹೋದರು. ಅಷ್ಟೇ. ಆಮೇಲೆ ನಾನು ಏನನ್ನೂ ತೋರಿಸಲಿಲ್ಲ.

ನವೆಂಬರ್ ಮೂವತ್ತಕ್ಕೆ ಸಿನಿಮಾ ಅಂತಿಮವಾಗುತ್ತದೆ, ಆಮೇಲೆ ಒಂದು ಚೂರೂ ಬದಲಿಸುವಂತಿಲ್ಲ. ಜನವರಿಯಲ್ಲಿ ಮೊದಲ ಪ್ರದರ್ಶನ ಶಿಕಾರಿಪುರದ ಟಾಕೀಸಿನಲ್ಲೇ. ನಿಮ್ಮನ್ನೂ ಅಪ್ಪನನ್ನೂ ಅಕ್ಕಪಕ್ಕ ಕೂರಿಸುತ್ತೇನೆ. ಮುಗಿದ ಮೇಲೆ ಅಪ್ಪನ ಎದುರಿಗೇ ನಿಮ್ಮ ಕಾಲಿಗೆ ಬೀಳುತ್ತೇನೆ. ಮಗನನ್ನು ಬೆಳೆಸಿದವರು ಯಾರು ಎಂದು ಅವರಿಗೂ ಗೊತ್ತಾಗಲಿ.

ಮಹಾಂತೇಶ


ಆನವಟ್ಟಿ
21 ಅಕ್ಟೋಬರ್ 2024

ಮಹಾಂತೇಶ,

ಇದನ್ನು ದಿವ್ಯಳಿಗೂ ತೋರಿಸದೆ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ಸಿಟ್ಟು ತಡೆದುಕೋ.

ಆ ಪುಸ್ತಕ, ಆ ಬಣ್ಣ, ಒಂದೂ ನನ್ನದಲ್ಲ. ತಂದುಕೊಟ್ಟವನು ನಿಮ್ಮಪ್ಪ.

ಹರಿದ ಮಾರನೇ ದಿನವೇ ಅವನು ಮಂದೆಯನ್ನು ಬೇರೆಯವರಿಗೆ ಒಪ್ಪಿಸಿ ಶಿರಾಳಕೊಪ್ಪದ ಸಂತೆಗೆ ಹೋದ. ಸಂಜೆ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಕಂಬಳಿ ಬಿಚ್ಚಿದ. ಒಳಗೆ ಪುಸ್ತಕ, ಡಬ್ಬಿ. ಅವನು ಹೇಳಿದ ಮಾತು ಇವತ್ತಿಗೂ ಹಾಗೇ ನೆನಪಿದೆ: “ಅಮ್ಮಾರ, ನಾ ಕೊಟ್ರ ಅಣ್ಣ ಮತ್ತ ಒಲಿಗೆ ಹಾಕಸ್ತಾನ. ಏಳೋ ದಿನ ನೀವು ಕೊಡ್ರಿ. ಹೊಲದವ್ರು ಕೊಟ್ಟಿದ್ದು ಅಂದ್ರ ಯಾರೂ ಮುಟ್ಟಂಗಿಲ್ಲ.”

ಆರು ವರ್ಷವೂ ಅವನೇ ತಂದ. ಓದು ಬಾರದ ಮನುಷ್ಯ, ಅಂಗಡಿಯಲ್ಲಿ ಏನೆಂದು ಕೇಳುತ್ತಿದ್ದನೋ. ನಾನು ಎಂಟು ದಿನ ಟ್ರಂಕಿನಲ್ಲಿಟ್ಟು ಕೊಟ್ಟೆ, ಅಷ್ಟೇ ನನ್ನ ಶ್ರಮ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದದ್ದು ಲೋಕಪ್ಪನ ಕೈ, ಮೊಸರು ತಿಂದದ್ದು ನನ್ನ ಬಾಯಿ.

ಜಟ್ಟಪ್ಪ ತೀರಿಕೊಂಡ ಮೇಲೆ ನಾನು ಲೋಕಪ್ಪನಿಗೆ ಹೇಳಿದ್ದುಂಟು, ಇನ್ನಾದರೂ ಮಗನಿಗೆ ಹೇಳು ಎಂದು. “ಅವ ನಿಮ್ಮನ್ನ ನೆನೆಸ್ಕಂಡು ಮುಂದ ಬಂದಾನ, ಹಂಗ ಇರ್ಲಿ” ಎಂದ. ಅದನ್ನೇ ನೆಪ ಮಾಡಿಕೊಂಡು ಸುಮ್ಮನಿದ್ದೆ. ನಿಜವಾದ ಕಾರಣ ಬೇರೆ. ನೀನು ಬಂದಾಗಲೆಲ್ಲ ಕಾಲು ಮುಟ್ಟುತ್ತಿದ್ದೆ. ಅದು ನನಗೆ ಹಿತವಾಗಿತ್ತು. ನನ್ನ ಬದುಕಿನಲ್ಲಿ ಯಾರೂ ನನ್ನ ಉಪಕಾರದ ಋಣ ಹೊತ್ತವರಿಲ್ಲ, ಹೊತ್ತವನು ನೀನೊಬ್ಬ. ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಫೆಬ್ರುವರಿಯಲ್ಲಿ ಅರ್ಧ ಹೇಳಿ ನೋಡಿದೆ. ನೀನು ಅದನ್ನು ದೊಡ್ಡತನವೆಂದು ಸಿನಿಮಾಕ್ಕೆ ಹಾಕಿದೆ.

ಲೋಕಪ್ಪನ ಎದುರು ನನ್ನ ಕಾಲಿಗೆ ಬೀಳಬೇಡ. ಅದನ್ನು ಮಾತ್ರ ನಾನು ತಡೆದುಕೊಳ್ಳಲಾರೆ. ಇನ್ನೂ ನಲವತ್ತು ದಿನ ಇದೆ. ಹೆಸರು ತೆಗೆದುಹಾಕು, ಬೇಕಾದರೆ ನನ್ನನ್ನೇ ತೆಗೆದುಹಾಕು. ಅವನನ್ನು ಹಾಗೆ ಬಿಡಬೇಡ.

ವನಜಮ್ಮ


ಆನವಟ್ಟಿ
2 ಡಿಸೆಂಬರ್ 2024

ಮಹಾಂತೇಶ,

ಮೂವತ್ತನೇ ತಾರೀಖು ಕಳೆಯಿತು. ನಿನ್ನಿಂದ ಒಂದು ಸಾಲೂ ಇಲ್ಲ. ಪೋಸ್ಟ್‌ಮ್ಯಾನ್ ನಮ್ಮ ಬೀದಿಗೆ ಬಂದರೆ ಬಾಗಿಲಲ್ಲಿ ನಿಲ್ಲುತ್ತೇನೆ, ಅವನು ತಲೆಯಾಡಿಸಿ ಹೋಗುತ್ತಾನೆ. ಬೈದಾದರೂ ಬರೆ.

ವನಜಮ್ಮ


ಹೈದರಾಬಾದ್
19 ಜನವರಿ 2025

ವನಜಮ್ಮನವರಿಗೆ,

ತಡವಾಯಿತು. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಮೂರನೇ ದಿನ ಬಸ್ಸು ಹತ್ತಿದೆ.

ಅಪ್ಪ ಹಟ್ಟಿಯ ಮುಂದೆ ಕುಂಟುವ ಕುರಿಯೊಂದರ ಗೊರಸಿಗೆ ಔಷಧಿ ಹಚ್ಚುತ್ತಿದ್ದರು. ಅಣ್ಣ ನಾಗೇಶ ಕುರಿಯನ್ನು ಹಿಡಿದುಕೊಂಡಿದ್ದ. ನಿಂತಲ್ಲೇ ಕೇಳಿದೆ. ಅಪ್ಪ ತಲೆ ಎತ್ತಲಿಲ್ಲ. ಅವರು ಕೊಟ್ಟಿದ್ದು, ನನಗೇನು ಗೊತ್ತು ಎಂದರು. ಇನ್ನೊಮ್ಮೆ ಕೇಳಿದೆ. ಅದೇ ಉತ್ತರ. ಒಳಗಿನಿಂದ ಅವ್ವ ನಕ್ಕಳು. ಗುಡ್ಡಮ್ಮನ ನಗು ನಿಮಗೆ ಗೊತ್ತಲ್ಲ, ಹಟ್ಟಿಯ ಕುರಿಗಳೆಲ್ಲ ತಿರುಗಿ ನೋಡುತ್ತವೆ. “ಕಂಬಳಿ ಮಡಿಕ್ಯಾಗ ಇಟ್ಕಂಡು ಬರೋದು ನಾನ ನೋಡೀನಿ. ಮಳಿ ಬಂದ್ರ ತಾನು ತೊಯ್ಸಿಕಂಡು ಅದನ್ನ ಮುಚ್ತಿದ್ದ” ಎಂದಳು. ನಾಗೇಶನಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ, ಅದರ ಮೇಲೆ ಸಿನಿಮಾ ಮಾಡಿದವನೂ ನಾನೇ.

ಹಿಂತಿರುಗಿ ಬಂದು ಮೀನಾ ಅವರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅರ್ಧ ದಿನ ಕೂಗಾಡಿದರು. ಆಮೇಲೆ ಪ್ರದರ್ಶನವನ್ನು ಮಾರ್ಚಿಗೆ ಮುಂದೂಡಿದರು. ಅವರ ಋಣವೂ ನನ್ನ ಮೇಲಿದೆ.

ಹರಿಯುವ ದೃಶ್ಯ ತೆಗೆದಿಲ್ಲ. ಅದೂ ನಿಜವೇ. ಅದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿದ್ದೇನೆ. ಅಪ್ಪ ಸಂತೆಗೆ ಹೋಗಿ ಪುಸ್ತಕ ತರುವುದು, ಒಂದೂವರೆ ನಿಮಿಷ. ನಟರನ್ನು ಕರೆಸಿ ತೆಗೆಯಬಹುದಿತ್ತು. ಆದರೆ ಅವತ್ತು ಸಂತೆಯಲ್ಲಿ ಅವರನ್ನು ಕಂಡವರು ಯಾರೂ ಇಲ್ಲ, ನಾನಂತೂ ಕಂಡಿಲ್ಲ. ಕಾಣದೇ ಇದ್ದದ್ದನ್ನು ತೋರಿಸಲು ನನಗೆ ಗೊತ್ತಿರುವ ದಾರಿ ಚಿತ್ರವೊಂದೇ. ನಾಲ್ಕು ವರ್ಷದ ಮೇಲೆ ಮತ್ತೆ ಪೆನ್ಸಿಲ್ ಹಿಡಿದೆ.

ಮೊದಲ ದಿನವೇ ಸೋತೆ. ಅಪ್ಪನ ನಡಿಗೆ ಬರೆಯಲು ಬರಲಿಲ್ಲ. ಆನೆ, ಕುದುರೆ, ಯಾರೂ ಕಾಣದ ಡೈನೋಸಾರನ್ನೂ ನಡೆಸಿದ್ದೇನೆ. ಸ್ವಂತ ಅಪ್ಪ ಹೇಗೆ ಹೆಜ್ಜೆ ಇಡುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ಮತ್ತೆ ಊರಿಗೆ ಹೋಗಿ ಮೂರು ದಿನ ಮಂದೆಯ ಹಿಂದೆ, ಅವರ ಹಿಂದೆ ನಡೆದೆ. ಎಡಗಾಲು ಸ್ವಲ್ಪ ಹೊರಕ್ಕೆ ತಿರುಗುತ್ತದೆ. ಮರಿ ಹಿಂದುಳಿದರೆ ನೋಡದೆಯೇ ನಿಧಾನವಾಗುತ್ತಾರೆ. ಯಾಕೆ ಬಂದೆ ಎಂದು ಅವರು ಕೇಳಲಿಲ್ಲ. ಮೂರನೇ ಮಧ್ಯಾಹ್ನ ತಮ್ಮ ಬುತ್ತಿಯ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು.

ಸಿನಿಮಾದ ಹೆಸರು ಬದಲಾಗುವುದಿಲ್ಲ, ವಾದ ಬೇಡ. ಊರಲ್ಲಿ ಅಷ್ಟು ಜನರಿದ್ದರೂ ಅಪ್ಪ ನಂಬಿ ಬಂದದ್ದು ನಿಮ್ಮ ಹಿತ್ತಿಲ ಬಾಗಿಲಿಗೆ. ಆರು ವರ್ಷ ನೀವು ಒಂದು ಸಲವೂ ತಪ್ಪಿಸಲಿಲ್ಲ. ಕೊನೆಗೆ, ಯಾರೂ ಕೇಳದೆ ಇದ್ದರೂ, ನಿಮಗೆ ಇಷ್ಟವಾದದ್ದನ್ನು ನೀವೇ ಬಿಟ್ಟುಕೊಟ್ಟಿರಿ. ಆ ಕಾಗದ ಬರದಿದ್ದರೆ ನಾನು ಅಪ್ಪನನ್ನು ಊರೆದುರು ತಲೆ ತಗ್ಗಿಸುವಂತೆ ಮಾಡಿ, ಅದನ್ನೇ ಕೃತಜ್ಞತೆ ಎಂದುಕೊಳ್ಳುತ್ತಿದ್ದೆ. ಅದಕ್ಕೆ ನಿಮಗೆ ಹೇಗೆ ವಂದಿಸಲಿ ಎಂದು ತಿಳಿಯುತ್ತಿಲ್ಲ.

ಮಹಾಂತೇಶ


ಆನವಟ್ಟಿ
9 ಮಾರ್ಚ್ 2025

ನನ್ನಪ್ಪಾ ಮಹಾಂತೇಶ,

ಶಿಕಾರಿಪುರದಿಂದ ಈಗಷ್ಟೇ ಬಂದು, ಕಾಲು ತೊಳೆದು ಬರೆಯಲು ಕುಳಿತಿದ್ದೇನೆ. ಒಂದು ಮಾತನ್ನು ಇಪ್ಪತ್ತೆಂಟು ವರ್ಷ ಇಟ್ಟುಕೊಂಡವಳು ನಾನು. ಇವತ್ತಿನದನ್ನು ನಾಳೆಗೂ ಇಟ್ಟುಕೊಳ್ಳಲಾರೆ. ನೀನು ಒಳಗೆ ಕೂರಲು ಧೈರ್ಯ ಸಾಲದೆ ಹೊರಗೆ ಟೀ ಅಂಗಡಿಯ ಹತ್ತಿರವೇ ನಿಂತಿದ್ದೆಯಂತೆ. ಆಮೇಲೆ ಪೇಪರಿನವರು ನಿನ್ನನ್ನು ಎಳೆದುಕೊಂಡು ಹೋದರು. ಹಾಗಾಗಿ ಒಳಗೆ ನಡೆದದ್ದು ನಿನಗೆ ಗೊತ್ತಿಲ್ಲ.

ಲೋಕಪ್ಪ ನನ್ನ ಪಕ್ಕದಲ್ಲೇ ಕುಳಿತಿದ್ದ, ಹೊಸ ರುಮಾಲು ಸುತ್ತಿಕೊಂಡು. ಹರಿಯುವ ದೃಶ್ಯ ಬಂದಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದ. ಹಿಂದಿನ ಸಾಲಿನಲ್ಲಿ ಯಾರೋ ಪರದೆಯ ಮೇಲಿನ ಅಪ್ಪನಿಗೆ ಶಾಪ ಹಾಕಿದರಂತೆ, ದಿವ್ಯ ಹೇಳಿದಳು. ಅವನಿಗೆ ಅದು ಕೇಳಿಸಿರಬೇಕು, ಎದ್ದು ಹೋಗುತ್ತಾನೇನೋ ಎಂದುಕೊಂಡೆ.

ಆಮೇಲೆ ನಿನ್ನ ಚಿತ್ರ ಬಂತು. ಪೆನ್ಸಿಲ್ ಗೆರೆಯ ಮನುಷ್ಯನೊಬ್ಬ ಸಂತೆಯ ಗದ್ದಲದಲ್ಲಿ ನಡೆದು ಹೋಗುತ್ತಾನೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಲೋಕಪ್ಪ ಮುಂದಕ್ಕೆ ಬಾಗಿದ. ತನ್ನನ್ನು ತಾನು ಗುರುತಿಸಿದ, ಮಾರಾಯ, ಮುಖ ಕಾಣುವ ಮೊದಲೇ. ಅಂಗಡಿಯವನು ಪುಸ್ತಕಗಳನ್ನು ಹರಡಿದಾಗ, ಗೆರೆಯ ಲೋಕಪ್ಪ ಒಂದೊಂದನ್ನೂ ಮೂಸಿ ನೋಡುತ್ತಾನಲ್ಲ, ಅಲ್ಲಿ ನನ್ನ ಪಕ್ಕದಲ್ಲಿದ್ದ ಲೋಕಪ್ಪನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ನಾನು ತಿರುಗಿ ನೋಡಲಿಲ್ಲ. ನನ್ನದೇ ನನಗಾಗಿತ್ತು.

ದೀಪ ಹತ್ತಿದ ಮೇಲೆ ಜನ ನನ್ನ ಸುತ್ತ ನೆರೆದರು. ಶಿಕಾರಿಪುರದವಳೇ ಒಬ್ಬಳು, ಕಂಕುಳಲ್ಲಿ ಕೂಸು, ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಕೇಳಿದಳು. ದಿವ್ಯ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದಳು, ಹುಡುಗನಿಗೆ ಪುಸ್ತಕ ಕೊಟ್ಟವರು ನಿಜವಾಗಿ ನೀವೇ ಏನು ಎಂದು ಕೇಳುತ್ತಿದ್ದಾಳೆಂದು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಸಿನಿಮಾ ನೋಡಿದ ಮೇಲೂ ಅವರಿಗೆ ನಾನೇ ಬೇಕಿತ್ತು, ಹೆಸರು ನನ್ನದಲ್ಲವೇ. ನಾನು ಅವಳ ಕೈ ಬಿಡಿಸಿ ಲೋಕಪ್ಪನ ಕಡೆ ತಿರುಗಿಸಿದೆ. ಇವರು ಎಂದೆ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ನೆಲ ನೋಡುತ್ತ ಹೆಗಲ ಕಂಬಳಿ ತೆಗೆದ, ಮಡಿಸಿದ, ಮತ್ತೆ ಬಿಚ್ಚಿದ. ಹೊಲದವರು ಕೊಟ್ಟಿದ್ದು ಎಂದು ಈ ಸಲವೂ ಜಾರಿಕೊಳ್ಳುತ್ತಾನೆ ಎಂದುಕೊಂಡೆ. ಅವನು ತಲೆ ಎತ್ತಿದ. ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

“ಹರಿದಾಂವೂ ನಾನ, ತಂದಾಂವೂ ನಾನ. ಅವ ನನ್ನ ಮಗ.”

ವನಜಮ್ಮ